ಟರ್ಬೊ ಹಾಟ್ ಹ್ಯಾಚ್: ಲಕ್ಷಣ ನೋಡಿ ದೋಷ ಹಿಡಿಯುವುದು ಹೇಗೆ

ಪಿಕಪ್ ಇಲ್ಲ. ಜರ್ಕ್ ಹೊಡೆಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಟಕಟ ಶಬ್ದ. ಟರ್ಬೊ ಪೆಟ್ರೋಲ್ ಎಂಜಿನ್ನಿನ ಚುರುಕು ಹ್ಯಾಚ್‌ಬ್ಯಾಕ್ ಇಟ್ಟುಕೊಂಡವರ ದೂರುಗಳು ಹೆಚ್ಚುಕಡಿಮೆ ಇಷ್ಟೇ. ಇವುಗಳಲ್ಲಿ ಬಹಳಷ್ಟಕ್ಕೆ ಕಾರಣ ಟರ್ಬೊ ಅಲ್ಲ, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಕೂಡ ಅಲ್ಲ. ಒಂದು ಬಿರುಕು ಬಿಟ್ಟ ಹೋಸ್, ಸವೆದ ಪ್ಲಗ್, ಹರಿದ ರಬ್ಬರ್ ಪೊರೆ. ಆದರೆ ಜನ ಮೊದಲು ಕೈ ಹಾಕುವುದು ದುಬಾರಿ ಭಾಗಕ್ಕೇ.

ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್‌ಗೇ ಚಿಮ್ಮುವ) ಟರ್ಬೊ ಎಂಜಿನ್ ಇರುವ ಗಾಡಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಅಪ್‌ಗ್ರೇಡ್ ವಿಷಯ ಕೊನೆಗೆ ಬರುತ್ತದೆ. ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಇಸಿಯು ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಿದರೆ ಹಳೆಯ ದೋಷ ಮುಚ್ಚಿಹೋಗುವುದಿಲ್ಲ, ಇನ್ನೂ ಬೇಗ ಹೊರಗೆ ಬರುತ್ತದೆ. ಅದಕ್ಕೇ ಆ ಕ್ರಮ.

ಬೋನೆಟ್ ಎತ್ತುವ ಮೊದಲು

ತೊಂದರೆ ಯಾವಾಗ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಲ್ಲೇ ಓಡುವಾಗಲೋ, ಪೂರ್ತಿ ಒತ್ತಿದಾಗಲೋ? ಪೆಟ್ರೋಲ್ ತುಂಬಿಸಿದ ನಂತರ ಮಾತ್ರವೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಹುಡುಕಾಟ ಮುಗಿಯಿತು.

ಆಮೇಲೆ ಒಂದು ಸಾದಾ ಒಬಿಡಿ ಸ್ಕ್ಯಾನರ್, ಅಂದರೆ ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸಾಧನ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಓದಿ. ದೋಷ ದಾಖಲಾದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂಬುದೆಲ್ಲ ಅಲ್ಲಿರುತ್ತದೆ. ಇದನ್ನು ಬರೆದುಕೊಳ್ಳದೆ ಕೋಡ್ ಅಳಿಸಬೇಡಿ. ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ.

ಕೋಡ್ ಹೇಳುವುದು ಇಸಿಯುಗೆ ಎಲ್ಲಿ ಲೆಕ್ಕ ತಪ್ಪಿದಂತೆ ಕಂಡಿತು ಎಂಬುದನ್ನು ಮಾತ್ರ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಪಿ0171 ಬಂತು ಎಂದು ಆಕ್ಸಿಜನ್ ಸೆನ್ಸರ್ ಬದಲಿಸಿ, ವಾರದಲ್ಲೇ ಅದೇ ಕೋಡ್ ನೋಡುವವರು ಬಹಳ. ಆ ಕೋಡ್‌ನ ಅರ್ಥ ಇಷ್ಟೇ: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಅನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿ. ಐಡಲ್‌ನಲ್ಲಿ (ನಿಂತಲ್ಲೇ ಓಡುವಾಗ) ಟ್ರಿಮ್ ಜಾಸ್ತಿಯಿದ್ದು, ಆರ್‌ಪಿಎಂ ಏರಿಸಿದಾಗ ಸರಿಹೋದರೆ ಎಲ್ಲೋ ಹೊರಗಿನ ಗಾಳಿ ಒಳಗೆ ಸೋರುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಏರಿದರೆ ಪೆಟ್ರೋಲ್ ಪೂರೈಕೆಯ ಕಡೆ ನೋಡಬೇಕು.

ಒತ್ತಿದರೂ ಎಳೆಯುವುದಿಲ್ಲ

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಶಕ್ತಿ ವಾಪಸ್ ಬಂದು, ಮುಂದಿನ ಸಲ ಜೋರಾಗಿ ಒತ್ತಿದಾಗ ಮತ್ತೆ ಹೋದರೆ ಅದು ಲಿಂಪ್ ಮೋಡ್. ಇಸಿಯು ತಾನಾಗಿಯೇ ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ) ಕಡಿಮೆ ಮಾಡಿ ಎಂಜಿನ್ ಕಾಪಾಡುತ್ತಿದೆ. ಸಾಮಾನ್ಯವಾಗಿ ಪಿ0299, ಅಂದರೆ ಬೂಸ್ಟ್ ಸಾಲದು ಎಂಬ ಕೋಡ್ ಇರುತ್ತದೆ. ಪಿ0234 ಇದ್ದರೆ ಉಲ್ಟಾ: ಬೂಸ್ಟ್ ಮಿತಿ ಮೀರಿದೆ. ಅದಿದ್ದಾಗ ಜೋರಾಗಿ ಓಡಿಸಿ ನೋಡುವ ಸಾಹಸ ಬೇಡ.

ಬೂಸ್ಟ್ ಸಾಲದಿದ್ದರೆ ಏರ್ ಫಿಲ್ಟರ್‌ನಿಂದ ಶುರು ಮಾಡಿ, ಗಾಳಿ ಹೋಗುವ ದಾರಿಯನ್ನೇ ಹಿಂಬಾಲಿಸಿ. ಫಿಲ್ಟರ್, ಟರ್ಬೊ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್. ಪ್ರತಿ ಹೋಸ್ ಅನ್ನು ಕೈಯಿಂದ ಹಿಡಿದು ತಿರುಚಿ. ಬಿರುಕು ಹೆಚ್ಚಾಗಿ ಹೋಸ್‌ನ ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಕಡೆಯೇ ಇರುತ್ತದೆ. ಕ್ಲಾಂಪ್ ಇರುವಲ್ಲಿ ಎಣ್ಣೆ ಪಸೆ ಒಂದೇ ಕಡೆ ಜೋರಾಗಿ ಕಂಡರೆ ಅಲ್ಲೇ ಸೋರಿಕೆ ಇರಬಹುದು. ಒತ್ತಿದಾಗ 'ಸ್ಸ್' ಎಂಬ ಶಬ್ದ ಮೊದಲಿಗಿಂತ ಜಾಸ್ತಿ ಆಗಿದೆಯಾ ಕೇಳಿಸಿಕೊಳ್ಳಿ.

ನಂತರ, ಕಾಲು ತೆಗೆದಾಗ ಹೆಚ್ಚಾದ ಬೂಸ್ಟ್ ಅನ್ನು ಟರ್ಬೊ ಮುಂಚಿನ ಪೈಪ್‌ಗೆ ವಾಪಸ್ ಬಿಡುವ ಡೈವರ್ಟರ್ ವಾಲ್ವ್. ಫೋಕ್ಸ್‌ವ್ಯಾಗನ್ ಗುಂಪಿನ ಮೊದಮೊದಲ 2.0 ಟಿಎಫ್‌ಎಸ್‌ಐ ಎಂಜಿನ್‌ಗಳಲ್ಲಿ ಇದರ ಒಳಗಿನ ರಬ್ಬರ್ ಪೊರೆ ಹರಿಯುವುದು ಎಷ್ಟು ಸಾಮಾನ್ಯ ಎಂದರೆ, ಕಂಪನಿ ಮುಂದೆ ಪೊರೆಯ ಬದಲು ಪಿಸ್ಟನ್ ಇರುವ ವಾಲ್ವ್ ತಂದಿತು. ಬಿಚ್ಚಿ ನೋಡಿದರೆ ಹರಿದಿರುವುದು ಕಣ್ಣಿಗೇ ಕಾಣುತ್ತದೆ.

ಸ್ಕ್ಯಾನರ್‌ನಲ್ಲಿ ಇಸಿಯು ಕೇಳಿದ ಬೂಸ್ಟ್ ಮತ್ತು ನಿಜವಾಗಿ ಸಿಕ್ಕ ಬೂಸ್ಟ್ ಎರಡನ್ನೂ ಪಕ್ಕಪಕ್ಕ ನೋಡಿ. ಸ್ಕ್ಯಾನರ್ ಓದುವುದು ಬೇರೆಯವರ ಕೆಲಸ. ಓಡಿಸುವವರು ರಸ್ತೆ ನೋಡಬೇಕು. ಇಲ್ಲೊಂದು ಗೊಂದಲ ಆಗುತ್ತದೆ. ಇಂಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ತೋರಿಸುವುದು ಒಟ್ಟು ಒತ್ತಡ. ಸಮುದ್ರ ಮಟ್ಟದಲ್ಲಿ ಬೂಸ್ಟ್ ಇಲ್ಲದೆಯೇ ಅದು ಸುಮಾರು 1 ಬಾರ್ ಇರುತ್ತದೆ. ಅಂದರೆ 2 ಬಾರ್ ಎಂದು ತೋರಿಸಿದರೆ ಬೂಸ್ಟ್ 1 ಬಾರ್ ಅಷ್ಟೇ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ವಾತಾವರಣದ ಒತ್ತಡವೇ ಕಾಣಬೇಕು. ಅಲ್ಲೇ ತಪ್ಪು ತೋರಿಸಿದರೆ ಸೆನ್ಸರ್ ಮೇಲೆ ಅನುಮಾನ ಪಡಿ.

ಕಣ್ಣಿಗೆ ಏನೂ ಕಾಣದಿದ್ದರೆ ಗ್ಯಾರೇಜ್‌ನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ. ಹೊಗೆ ಎಲ್ಲಿ ಹೊರಬರುತ್ತದೋ ಅಲ್ಲೇ ತೂತು. ಮನೆಯಲ್ಲಿ ಏರ್ ಕಂಪ್ರೆಸರ್ ಹಚ್ಚಿ ಗಾಳಿ ತುಂಬಿಸಲು ಹೋಗಬೇಡಿ. ಒತ್ತಡ ಜಾಸ್ತಿಯಾದರೆ ಎಂಜಿನ್ ಸೀಲ್‌ಗಳೇ ಕಿತ್ತುಬರುತ್ತವೆ.

ಟರ್ಬೊ ಶಾಫ್ಟ್ ಕೊನೆಗೆ ನೋಡುವುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಳಿ ಪೈಪ್ ತೆಗೆದು ಶಾಫ್ಟ್ ಅಲುಗಾಡಿಸಿ. ಪಕ್ಕಕ್ಕೆ ಒಂಚೂರು ಆಡುವುದು ಸಹಜ. ಎಣ್ಣೆ ಇಲ್ಲದಾಗ ಅಷ್ಟು ಸಡಿಲ ಇದ್ದೇ ಇರುತ್ತದೆ. ಒಳಗೆ ಹೊರಗೆ ಆಡಿದರೆ, ಅಥವಾ ರೆಕ್ಕೆಗಳು ಗೋಡೆಗೆ ತಾಗಿದ ಗುರುತು ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಮುರಿದ ತುಂಡು ಎಂಜಿನ್ ಒಳಗೆ ಹೋದರೆ ಟರ್ಬೊ ಖರ್ಚು ಸಣ್ಣದಾಗಿ ಕಾಣುತ್ತದೆ.

ಜರ್ಕ್, ಮಿಸ್ಸಿಂಗ್, ಮಿನುಗುವ ಚೆಕ್ ಎಂಜಿನ್ ಲೈಟ್

ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆಗೋ ಗ್ಯಾರೇಜ್‌ಗೋ ಹೋಗಬಹುದು. ಮಿನುಗುತ್ತಿದ್ದರೆ ಅರ್ಥವೇ ಬೇರೆ. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನು ಹಾಳುಮಾಡುತ್ತದೆ. ಕಾಲು ತೆಗೆಯಿರಿ. ಆದರೂ ಮಿನುಗಿದರೆ ನಿಲ್ಲಿಸಿ ಟೋ ಮಾಡಿಸಿ.

ಮಿಸ್ಸಿಂಗ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದಿರುವುದನ್ನು ಹೇಳುವ ಪಿ0301ರಿಂದ ಪಿ0304ರವರೆಗಿನ ಕೋಡ್‌ಗಳಲ್ಲಿ ಕೊನೆಯ ಅಂಕಿ ಸಿಲಿಂಡರ್ ನಂಬರ್. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಆ ಸಿಲಿಂಡರ್‌ನ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಅನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ. ಕೋಡ್ ಕಾಯಿಲ್ ಜೊತೆ ಹೋಯಿತಾ? ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿಯಿತಾ? ಪ್ಲಗ್ ಅದಲುಬದಲು ಮಾಡಿ ನೋಡಿ. ಅದೂ ಅಲ್ಲದಿದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್ ಟೆಸ್ಟ್. ಈ ಕ್ರಮ ಬಿಟ್ಟು ನಾಲ್ಕೂ ಕಾಯಿಲ್ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗಬಹುದು, ಕಾರಣ ಮಾತ್ರ ಗೊತ್ತಾಗುವುದಿಲ್ಲ.

ಪ್ಲಗ್ ಬಿಚ್ಚುವುದು, ಹಾಕುವುದು ಎರಡೂ ಎಂಜಿನ್ ತಣ್ಣಗಿದ್ದಾಗಲೇ. ಹೆಡ್ ಅಲ್ಯೂಮಿನಿಯಂ. ಬಿಸಿಯಲ್ಲಿ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ತಣ್ಣನೆ ಎಂಜಿನ್ ಒಂದೆರಡು ನಿಮಿಷ ಮುಗ್ಗರಿಸಿ, ಬಿಸಿಯಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡಿದರೆ? ಹಳೆಯ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇದು ಇಂಟೇಕ್ ವಾಲ್ವ್ ಮೇಲೆ ಕೂತ ಕಾರ್ಬನ್‌ನ ಗುರುತು. ಪೆಟ್ರೋಲ್ ನೇರ ಸಿಲಿಂಡರ್‌ಗೇ ಚಿಮ್ಮುವುದರಿಂದ ವಾಲ್ವ್ ಬೆನ್ನು ತೊಳೆಯುವವರೇ ಇಲ್ಲ. ಟ್ಯಾಂಕ್‌ಗೆ ಸುರಿಯುವ ಕ್ಲೀನರ್ ಇಂಜೆಕ್ಟರ್ ತೊಳೆಯಬಹುದು, ಆ ವಾಲ್ವ್‌ಗಳನ್ನು ಅದು ಮುಟ್ಟುವುದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ಆಕ್ರೋಟ್ ಚಿಪ್ಪಿನ ಪುಡಿಯನ್ನು ರಭಸವಾಗಿ ಊದಿ ತೆಗೆಯುವುದೇ ನಂಬಬಹುದಾದ ದಾರಿ. ಇದು ಗ್ಯಾರೇಜ್ ಕೆಲಸ. ಪುಡಿ ಊದುವಾಗ ಆ ಸಿಲಿಂಡರ್‌ನ ವಾಲ್ವ್ ಪೂರ್ತಿ ಮುಚ್ಚಿರಬೇಕು.

ಇನ್ನೊಂದು ಜರ್ಕ್ ಇದೆ, ಅದರಲ್ಲಿ ತಪ್ಪು ಓಡಿಸುವವರದ್ದು. ಟಾಪ್ ಗೇರ್, 1500 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಆಗ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಲೋ ಸ್ಪೀಡ್ ಪ್ರಿ ಇಗ್ನಿಷನ್ ಎನ್ನುವುದು ಇದನ್ನೇ. ಒಂದೇ ಪೆಟ್ಟಿಗೆ ಪಿಸ್ಟನ್ ಸೀಳಬಲ್ಲದು. ಎಣ್ಣೆಗೂ ಇದಕ್ಕೂ ಸಂಬಂಧವಿದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಎಣ್ಣೆ ದರ್ಜೆಗಳಲ್ಲಿ, 2018ರ ಎಪಿಐ ಎಸ್‌ಎನ್ ಪ್ಲಸ್ ಮತ್ತು 2020ರ ಎಪಿಐ ಎಸ್‌ಪಿ ದರ್ಜೆಗಳಲ್ಲಿ ಇದಕ್ಕಾಗಿಯೇ ಪರೀಕ್ಷೆ ಸೇರಿಸಿದರು. ಗಾಡಿ ಕಂಪನಿ ಹೇಳಿದ ದರ್ಜೆಯ ಎಣ್ಣೆ ಹಾಕಿ, ಜೋರು ಬೇಕಾದಾಗ ಒಂದು ಗೇರ್ ಇಳಿಸಿ.

ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ

ಉಳಿದ ಸಮಯ ಎಲ್ಲ ಸರಿಯಿದ್ದು ಬಂಕ್‌ನಲ್ಲಿ ಮಾತ್ರ ಹೀಗಾದರೆ ಪರ್ಜ್ ವಾಲ್ವ್ ನೋಡಿ. ಅದು ಮುಚ್ಚದೆ ಉಳಿದರೆ ಟ್ಯಾಂಕ್‌ನ ಪೆಟ್ರೋಲ್ ಆವಿ ಎಂಜಿನ್‌ಗೆ ನುಗ್ಗಿ ಮಿಶ್ರಣ ಕೆಡಿಸುತ್ತದೆ. ವಾಲ್ವ್ ಬಿಚ್ಚಿ, ಕರೆಂಟ್ ಕೊಡದೆ, ಸಣ್ಣ ಕೈಪಂಪಿನಿಂದ ಗಾಳಿ ಹಾಯಿಸಿ. ಹಾದುಹೋದರೆ ಕೆಟ್ಟಿದೆ. ಬಾಯಿ ಹಾಕಬೇಡಿ, ಹತ್ತಿರ ಬೆಂಕಿ ಬೇಡ. ನಾಜಲ್ ಕ್ಲಿಕ್ ಆದ ಮೇಲೂ ಕುತ್ತಿಗೆ ತನಕ ತುಂಬಿಸುವ ಅಭ್ಯಾಸ ಈ ವ್ಯವಸ್ಥೆಯನ್ನೇ ಕೆಡಿಸುತ್ತದೆ.

ತಣ್ಣನೆ ಸ್ಟಾರ್ಟ್‌ನಲ್ಲಿ ಶಬ್ದ

ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಟಿಕ್ ಟಿಕ್ ಎನ್ನುವುದು ಸಹಜ. ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪ್ ಸದ್ದೇ ಹಾಗೆ. ಸ್ಟಾರ್ಟ್ ಮಾಡಿದ ಕೂಡಲೇ ಐಡಲ್ ಸ್ವಲ್ಪ ಹೊತ್ತು ಏರಿ ನಿಲ್ಲುವುದೂ ದೋಷವಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಎಂದು ಇಸಿಯು ಹಾಗೆ ಮಾಡುತ್ತದೆ.

ಚಿಂತೆ ಪಡಬೇಕಾದದ್ದು ಸರಪಳಿ ಅಲುಗಿಸಿದಂಥ ಗಲಗಲ ಶಬ್ದಕ್ಕೆ. ಮೊದಲು ಡಿಪ್‌ಸ್ಟಿಕ್ ನೋಡಿ. ಟೈಮಿಂಗ್ ಚೈನ್ ಟೆನ್ಷನರ್ ಎಣ್ಣೆ ಒತ್ತಡದಿಂದ ಕೆಲಸ ಮಾಡುವಂಥದ್ದಾದರೆ, ಎಣ್ಣೆ ಕಡಿಮೆಯಾದಾಗ ಚೈನ್ ಸಡಿಲವಾಗುತ್ತದೆ. ಎಣ್ಣೆ ಸರಿಯಿದ್ದೂ ಪ್ರತಿ ಬೆಳಿಗ್ಗೆ ಶಬ್ದ ಬಂದರೆ, ದಿನದಿಂದ ದಿನಕ್ಕೆ ಜಾಸ್ತಿ ಹೊತ್ತು ಇದ್ದರೆ, ಟೆನ್ಷನರ್ ಮತ್ತು ಚೈನ್ ಪರೀಕ್ಷೆ ಮಾಡಿಸಿ. ಬಿಎಂಡಬ್ಲ್ಯು ಮತ್ತು ಫ್ರಾನ್ಸಿನ ಪಿಎಸ್‌ಎ (ಪ್ಯೂಜೊ, ಸಿಟ್ರೊಯೆನ್ ಗುಂಪು) ಜೊತೆಯಾಗಿ ಮಾಡಿದ, ಎರಡನೇ ತಲೆಮಾರಿನ ಮಿನಿ ಕೂಪರ್ ಎಸ್‌ನ ಮೊದಲ ವರ್ಷಗಳಲ್ಲಿ ಬಂದ ಎನ್14 ಎಂಜಿನ್ ಈ ಶಬ್ದಕ್ಕೇ ಹೆಸರಾಯಿತು. ಚೈನ್ ಹಲ್ಲು ಹಾರಿದರೆ ಪಿಸ್ಟನ್ನಿಗೆ ವಾಲ್ವ್ ಬಡಿಯುತ್ತದೆ. ಶಬ್ದ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಅಥವಾ ಆಯಿಲ್ ಲೈಟ್ ಕೂಡ ಬಂದರೆ, ಎಂಜಿನ್ ಆಫ್ ಮಾಡಿ. ಗ್ಯಾರೇಜ್ ಹತ್ತಿರವೇ ಇದ್ದರೂ ಓಡಿಸಿಕೊಂಡು ಹೋಗಬೇಡಿ.

ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಥರದ, ಇಎ113 ಸರಣಿಯ 2.0 ಟಿಎಫ್‌ಎಸ್‌ಐ ಇರುವ ಗಾಡಿ ಕೊಂಡವರು ಶಬ್ದ ಬರುವ ತನಕ ಕಾಯಲೇಬಾರದು. ಅಲ್ಲಿ ಕ್ಯಾಮ್‌ಶಾಫ್ಟ್ ಮತ್ತು ಹೈ ಪ್ರೆಶರ್ ಪಂಪ್ ನಡುವೆ ಕ್ಯಾಮ್ ಫಾಲೋವರ್ ಎಂಬ ಸಣ್ಣ ಬಟ್ಟಲು ಇದೆ. ಅದರ ಮೇಲಿನ ಕಪ್ಪು ಲೇಪನ ಸವೆದು, ಆಮೇಲೆ ಲೋಹ ಸವೆದು, ಕೊನೆಗೆ ತೂತೇ ಬೀಳುತ್ತದೆ. ಆಮೇಲೆ ಪಂಪ್ ಹಾಳು, ಕ್ಯಾಮ್ ಹಾಳು. ಬಟ್ಟಲು ಅಗ್ಗ, ಕ್ಯಾಮ್ ಅಲ್ಲ. ಪ್ರತಿ ಕೆಲವು ಸರ್ವಿಸ್‌ಗೊಮ್ಮೆ ಬಿಚ್ಚಿ ನೋಡಿಸಿ. ಆದರೆ ಈ ಪಂಪ್‌ನಲ್ಲಿ ಪೆಟ್ರೋಲ್ ಒತ್ತಡ 100 ಬಾರ್ ಆಸುಪಾಸು ಇರುತ್ತದೆ. ಹೊಸ ಎಂಜಿನ್‌ಗಳಲ್ಲಿ 200, 350 ಬಾರ್ ಕೂಡ ಉಂಟು. ಒತ್ತಡ ಇಳಿಸುವ ಕ್ರಮ ಗೊತ್ತಿಲ್ಲದವರು ಸ್ಪ್ಯಾನರ್ ಹಚ್ಚಬಾರದು.

ಎಣ್ಣೆ ಮಾಯ, ನೀಲಿ ಹೊಗೆ, ವಿಚಿತ್ರ ಸೀಟಿ

ಹೊಗೆಯ ಬಣ್ಣದ ಜೊತೆ ಅದು ಬರುವ ಹೊತ್ತನ್ನೂ ನೋಡಿ. ಸಿಗ್ನಲ್‌ನಲ್ಲಿ ಬಹಳ ಹೊತ್ತು ನಿಂತು ಹೊರಟಾಗ ನೀಲಿ ಹೊಗೆಯ ಮೋಡ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಜಾಸ್ತಿ. ಬೂಸ್ಟ್ ಹೋಸ್ ಬಿಚ್ಚಿಹೋದಾಗಲೂ ಹೀಗಾಗುತ್ತದೆ, ಯಾಕೆಂದರೆ ಇಸಿಯು ಅಳೆದ ಗಾಳಿ ದಾರಿಯಲ್ಲೇ ಸೋರಿತು. ಬಿಳಿ ಆವಿ ತಣ್ಣನೆ ಬೆಳಿಗ್ಗೆ ಸಹಜ. ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬಂದರೆ ಕೂಲಂಟ್ ಉರಿಯುತ್ತಿದೆ.

ಟರ್ಬೊಗೆ ಬೈಯುವ ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಎಣ್ಣೆ ಆವಿಯನ್ನು ಗಾಳಿದಾರಿಗೆ ವಾಪಸ್ ಕಳಿಸುವ ವಾಲ್ವ್) ನೋಡಿ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಕ್ಯಾಪ್ ಎತ್ತಿ. ಸ್ವಲ್ಪ ಎಳೆತ ಇದ್ದರೆ ಸರಿ. ಎತ್ತಲು ಕಷ್ಟವಾಗುವಷ್ಟು ಗಟ್ಟಿಯಾಗಿ ಹಿಡಿದುಕೊಂಡರೆ ಪಿಸಿವಿಯ ಒಳಪೊರೆ ಹರಿದಿದೆ. ಎರಡನೇ ತಲೆಮಾರಿನ ಫೋರ್ಡ್ ಫೋಕಸ್ ಎಸ್‌ಟಿಯ 2.5 ಲೀಟರ್, ಐದು ಸಿಲಿಂಡರ್ ಎಂಜಿನ್‌ನಲ್ಲಿ ಈ ಪೊರೆ ಹರಿದಾಗ ಐಡಲ್‌ನಲ್ಲಿ ಊಳಿಡುವಂಥ ಶಬ್ದ ಬರುತ್ತದೆ. ಡಿಪ್‌ಸ್ಟಿಕ್ ಒಂಚೂರು ಮೇಲೆಳೆದರೆ ಶಬ್ದ ತಟ್ಟನೆ ನಿಲ್ಲುತ್ತದೆ. ಇಷ್ಟು ಸುಲಭದ ಪರೀಕ್ಷೆ ಬೇರೆ ಎಲ್ಲೂ ಸಿಗಲ್ಲ ಬಿಡಿ.

ಎಣ್ಣೆ ಕಡಿಮೆಯಾಗುವ ಬದಲು ಮಟ್ಟ ಏರುತ್ತಿದ್ದರೆ ಖುಷಿ ಪಡಬೇಡಿ. ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಎಣ್ಣೆಗೆ ಪೆಟ್ರೋಲ್ ಬೆರೆಯುತ್ತಿದೆ. ಬರೀ ಗಿಡ್ಡ ಓಡಾಟ ಒಂದು ಕಾರಣ. ಸೋರುವ ಇಂಜೆಕ್ಟರ್ ಅಥವಾ ಹೈ ಪ್ರೆಶರ್ ಪಂಪ್ ಇನ್ನೊಂದು. ತೆಳುವಾದ ಎಣ್ಣೆ ಬೇರಿಂಗ್ ಕಾಯುವುದಿಲ್ಲ, ಬೇಗ ಬದಲಿಸಿ ಕಾರಣ ಹುಡುಕಿಸಿ.

ಟೆಂಪರೇಚರ್ ಏರುತ್ತದೆ, ಕೂಲಂಟ್ ಇಳಿಯುತ್ತದೆ

ಸೂಜಿ ಕೆಂಪಿನ ಕಡೆ ಹೋದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ನಿಲ್ಲಿಸಲು ಜಾಗ ನೋಡಿ. ನಿಲ್ಲಿಸಿದ ಮೇಲೆ ಎಂಜಿನ್ ಆಫ್. ಬಿಸಿಯಿರುವಾಗ ಕೂಲಂಟ್ ಕ್ಯಾಪ್ ತೆರೆಯಬಾರದು. ಒಳಗೆ ಒತ್ತಡದಲ್ಲಿರುವ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ.

ತಣ್ಣಗಾದ ಮೇಲೆ ಮಟ್ಟ ನೋಡಿ, ನೆಲ ನೋಡಿ, ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಸುತ್ತ ಒಣಗಿದ ಬಣ್ಣದ ಕಲೆ ಹುಡುಕಿ. ನಿಂತಾಗ ಬಿಸಿಯಾಗಿ ಓಡುವಾಗ ಸರಿಯಾದರೆ ಫ್ಯಾನ್. ಓಡುವಾಗಲೇ ಬಿಸಿಯಾದರೆ ರೇಡಿಯೇಟರ್, ಥರ್ಮೋಸ್ಟಾಟ್ ಅಥವಾ ಪಂಪ್. ಹೊರಗೆ ಎಲ್ಲೂ ಸೋರದೆ ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಮೂರನೇ ತಲೆಮಾರಿನ ಫೋಕಸ್ ಆರ್‌ಎಸ್‌ನ ಕೆಲವು ಎಂಜಿನ್‌ಗಳಿಗೆ ಕಾರ್ಖಾನೆಯಲ್ಲೇ ತಪ್ಪು ಗ್ಯಾಸ್ಕೆಟ್ ಕೂತಿತ್ತು. ಬಿಳಿ ಹೊಗೆ ಮತ್ತು ಮಾಯವಾಗುವ ಕೂಲಂಟ್‌ನಿಂದಲೇ ಅದು ಗೊತ್ತಾದದ್ದು. ಫೋರ್ಡ್ 2018ರಲ್ಲಿ ಸರಿಪಡಿಸುವ ಕೆಲಸ ಶುರು ಮಾಡಿತು.

ಸ್ಟೀರಿಂಗ್ ಎಳೆಯುತ್ತದೆ, ಬ್ರೇಕ್ ನಡುಗುತ್ತದೆ

ಜೋರಾಗಿ ಒತ್ತಿದಾಗ ಸ್ಟೀರಿಂಗ್ ಒಂದು ಕಡೆ ಜಗ್ಗುವುದು ಈ ಜಾತಿಯ ಗಾಡಿಗಳ ಗುಣವೇ. ಟಾರ್ಕ್ ಸ್ಟೀರ್ ಎನ್ನುತ್ತಾರೆ. ಅದು ಇತ್ತೀಚೆಗೆ ಜಾಸ್ತಿಯಾಗಿದ್ದರೆ ಮಾತ್ರ ದೋಷ. ಟೈರ್ ಗಾಳಿ, ಎಡ ಬಲ ಟೈರ್ ಒಂದೇ ರೀತಿ ಸವೆದಿವೆಯಾ, ಲೋವರ್ ಆರ್ಮ್ ಬುಷ್, ಆಮೇಲೆ ಎಂಜಿನ್ ಮೌಂಟ್. ಮೌಂಟ್ ಹೋಗಿದ್ದರೆ ಗೇರ್ ಬದಲಿಸುವಾಗ ಕೆಳಗಿನಿಂದ 'ದಡ್' ಎಂದು ಕೇಳಿಸುತ್ತದೆ. ಟೈರ್ ಪಕ್ಕದ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಟ್ರೆಡ್ (ಟೈರಿನ ಮೇಲಿನ ಗೀರುಗಳು) ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿರಬಹುದು.

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ದಪ್ಪ ಎಲ್ಲ ಕಡೆ ಒಂದೇ ಇಲ್ಲ, ಅಥವಾ ಪ್ಯಾಡ್ ವಸ್ತು ಅದರ ಮೇಲೆ ಅಂಟಿದೆ. ಇದಕ್ಕಿಂತ ಅಪಾಯದ್ದು ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುವುದು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪೆಡಲ್ ನೆಲ ಮುಟ್ಟಿದರೆ ಗಾಡಿ ಓಡಿಸಬೇಡಿ. ಕೆಳಗೆ ಮಲಗಿ ನೋಡುವುದಿದ್ದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ.

ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ

ಕ್ಲಚ್ ಜಾರುತ್ತಿದೆ. ಖಾಲಿ ರಸ್ತೆಯಲ್ಲಿ ಮೇಲಿನ ಗೇರ್‌ನಲ್ಲಿ, ಮಧ್ಯಮ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದರೆ ಗೊತ್ತಾಗುತ್ತದೆ. ಮ್ಯಾನ್ಯುವಲ್ ಆದರೆ ಕ್ಲಚ್ ಸೆಟ್ ಬದಲಿಸುವುದೇ ದಾರಿ. ಡುಯಲ್ ಕ್ಲಚ್ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗಾಡಿಯಲ್ಲಿ ಯಾವ ಗೇರ್‌ಬಾಕ್ಸ್ ಎಂದು ಮೊದಲು ತಿಳಿದುಕೊಳ್ಳಿ. ಫೋಕ್ಸ್‌ವ್ಯಾಗನ್‌ನ ಆರು ಗೇರ್‌ಗಳ ಡಿಕ್ಯು250 ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನದು, ಅದರ ಎಣ್ಣೆ ಮತ್ತು ಫಿಲ್ಟರ್ ಸುಮಾರು 60,000 ಕಿಲೋಮೀಟರಿಗೊಮ್ಮೆ ಬದಲಾಗಬೇಕು. ಏಳು ಗೇರ್‌ಗಳ ಡಿಕ್ಯು200 ಒಣ ಕ್ಲಚ್ಚಿನದು, ಅದರ ಮಿತಿ 250 ನ್ಯೂಟನ್ ಮೀಟರ್. ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳುವುದು ಇದಕ್ಕೆ ಆಗದು. ಗೇರ್ ಸೂಚಕ ಮಿನುಗಿ, ಬಾಕ್ಸ್ ನ್ಯೂಟ್ರಲ್‌ಗೆ ಜಾರಿದರೆ ಮೆಕಾಟ್ರಾನಿಕ್ (ಗೇರ್, ಕ್ಲಚ್ ನಡೆಸುವ ನಿಯಂತ್ರಣ ಘಟಕ) ಪರೀಕ್ಷೆ ಬೇಕು. ಅದು ತಿಳಿದವರ ಕೆಲಸ.

ಅಪ್‌ಗ್ರೇಡ್ ಆದ ಮೇಲೆ ಶುರುವಾದ ತೊಂದರೆ

ಏನು ಹಾಕಿದ ಮೇಲೆ ಶುರುವಾಯಿತೋ ಅದನ್ನೇ ಮೊದಲು ತೆಗೆದು ನೋಡಿ. ಕೇಳಲು ಸಿಲ್ಲಿ ಅನ್ನಿಸಬಹುದು, ಆದರೆ ಮಾಡುವವರು ಕಡಿಮೆ.

ಎಣ್ಣೆ ಹಚ್ಚುವ ಏರ್ ಫಿಲ್ಟರ್ ಹಾಕಿದ ಮೇಲೆ ಐಡಲ್ ಏರುಪೇರಾದರೆ, ಹೆಚ್ಚಾದ ಎಣ್ಣೆ, ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಮೇಲೆ ಕೂತಿರಬಹುದು. ಆ ಸೆನ್ಸರ್‌ಗೆಂದೇ ಸಿಗುವ ಸ್ಪ್ರೇಯಿಂದ ತೊಳೆಯಿರಿ, ಬೆರಳು ತಾಗಿಸಬೇಡಿ. ಗಾಳಿಯನ್ನು ಹೊರಗೆ ಬಿಡುವ ಬ್ಲೋ ಆಫ್ ವಾಲ್ವ್ ಹಾಕಿದ ಮೇಲೆ ಗೇರ್ ನಡುವೆ ಮುಗ್ಗರಿಸಿದರೆ, ಅಳೆದ ಗಾಳಿಯನ್ನು ನೀವೇ ಹೊರಗೆ ಬಿಟ್ಟಿದ್ದೀರಿ. ಪ್ಶ್ಶ್ ಶಬ್ದಕ್ಕಾಗಿ ಇಷ್ಟೆಲ್ಲ ಬೇಕಾ ಎಂಬುದು ನಿಮಗೆ ಬಿಟ್ಟದ್ದು. ಹೊಸ ಅಲಾಯ್ ಹಾಕಿದ ಮೇಲೆ ವೇಗದಲ್ಲಿ ನಡುಕ ಬಂದರೆ ಬ್ಯಾಲೆನ್ಸಿಂಗ್ ಜೊತೆ ಹಬ್ ರಿಂಗ್ (ಚಕ್ರದ ನಡುವಿನ ತೂತಿನ ಸಂದು ತುಂಬುವ ಬಳೆ) ಕೂಡ ನೋಡಿ, ನಡುವಿನ ತೂತು ದೊಡ್ಡದಿದ್ದರೆ ಚಕ್ರ ಸರಿಯಾಗಿ ಕೂರುವುದಿಲ್ಲ. ಗಾಡಿ ತಗ್ಗಿಸಿದ ಮೇಲೆ ಟೈರ್ ಒಳಅಂಚು ಸವೆದರೆ ಅಲೈನ್‌ಮೆಂಟ್ ಮಾಡಿಸಿಲ್ಲ ಎಂದೇ ಅರ್ಥ.

ರೀಮ್ಯಾಪ್ ನಂತರ ಹೆಚ್ಚಿನ ಬೂಸ್ಟ್‌ನಲ್ಲಿ ಮಿಸ್ ಹೊಡೆದರೆ ಮೊದಲು ಪ್ಲಗ್ ಗ್ಯಾಪ್. ಒತ್ತಡ ಏರಿದಷ್ಟೂ ಸ್ಪಾರ್ಕ್‌ಗೆ ಆ ಸಂದು ದಾಟುವುದು ಕಷ್ಟ. ಟ್ಯೂನರ್ (ರೀಮ್ಯಾಪ್ ಮಾಡಿದವರು) ಹೇಳಿದ ಗ್ಯಾಪ್, ಬೇಕಿದ್ದರೆ ಶಾಖವನ್ನು ಬೇಗ ಬಿಟ್ಟುಕೊಡುವ, ಒಂದು ಹಂತ 'ತಣ್ಣನೆಯ' ಪ್ಲಗ್. ಬಿಸಿಲಲ್ಲಿ ಎರಡು ಮೂರು ಸಲ ಜೋರಾಗಿ ಓಡಿಸಿದ ಮೇಲೆ ಶಕ್ತಿ ಇಳಿದರೆ ಇಂಟರ್‌ಕೂಲರ್ ಸಾಲುತ್ತಿಲ್ಲ. ಕ್ಲಚ್ ಜಾರಲು ಶುರುವಾದರೆ ಅದು ಮೊದಲೇ ಸವೆದಿರಬಹುದು, ಇಲ್ಲವೇ ಹೆಚ್ಚಿದ ಟಾರ್ಕ್ ತಡೆಯುವಷ್ಟು ಬಲ ಅದಕ್ಕಿಲ್ಲ. ಡೌನ್‌ಪೈಪ್ (ಟರ್ಬೊದಿಂದ ಹೊರಬರುವ ಹೊಗೆ ಪೈಪ್) ಬದಲಿಸಿದ ಮೇಲೆ ಬರುವ ಪಿ0420 ಕ್ಯಾಟಲಿಟಿಕ್ ಕನ್ವರ್ಟರ್ ಸಾಲದು ಎಂಬ ದೂರು. ಕನ್ವರ್ಟರ್ ತೆಗೆಯುವುದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ವಿಮೆಯವರಿಗೆ ತಿಳಿಸದ ಬದಲಾವಣೆ ಕ್ಲೈಮ್ ಹೊತ್ತಿಗೆ ಕೈಕೊಡುತ್ತದೆ.

ನನ್ನನ್ನು ಕೇಳಿದರೆ ಕ್ರಮ ಹೀಗೆ: ಒಳ್ಳೆಯ ಟೈರ್, ಹೊಸ ಬ್ರೇಕ್ ಫ್ಲೂಯಿಡ್ ಮತ್ತು ಪ್ಯಾಡ್, ಹೊಸ ಪ್ಲಗ್, ಸೋರಿಕೆ ಇಲ್ಲವೆಂದು ಸ್ಮೋಕ್ ಟೆಸ್ಟ್. ಆಮೇಲೆ ರೀಮ್ಯಾಪ್. ಅದಕ್ಕೆ ಹೋಗುವ ದಿನ ಕೋಡ್ ಅಳಿಸಿಕೊಂಡು ಹೋಗಬೇಡಿ, ಟ್ಯೂನರ್‌ಗೆ ಹಳೆಯ ದಾಖಲೆ ಕಾಣಬೇಕು. ಇಸಿಯುವಿನ ಮೂಲ ಫೈಲ್‌ನ ನಕಲು ಇಟ್ಟಿದ್ದಾರಾ, ವಾಪಸ್ ಹಾಕಿಕೊಡುತ್ತಾರಾ ಎಂದು ಮುಂಚೆಯೇ ಕೇಳಿ. ಮುಂದೆ ಯಾವುದಾದರೂ ದೋಷ ಬಂದಾಗ ಗಾಡಿಯದೋ ರೀಮ್ಯಾಪ್‌ನದೋ ಎಂದು ತಿಳಿಯಲು ಆ ಫೈಲ್ ಬೇಕೇ ಬೇಕು.